ಭಾವ, ಛತ್ರದವರು ಏನಂದ್ರು?

ಮೊನ್ನೆ ಡೈರಿ ಸರ್ಕಲ್ ಸಿಗ್ನಲ್‌ನಲ್ಲಿ ನನ್ನ ಪಕ್ಕ ಒಂದು ಸ್ಕೂಟರ್ ಬಂದು ನಿಂತಿತು. ಓಡಿಸುತ್ತಿದ್ದವರಿಗೆ ಐವತ್ತರ ಆಸುಪಾಸು. ಎರಡೂ ಕೈ ಹ್ಯಾಂಡಲ್ ಮೇಲೆ, ಕಣ್ಣು ನೇರ ಮುಂದಕ್ಕೆ, ಹೆಲ್ಮೆಟ್ ಪಟ್ಟಿ ಬಿಗಿ. ಟ್ರಾಫಿಕ್ ಪೊಲೀಸರು ಪೋಸ್ಟರ್ ಮಾಡಿಸಬಹುದಿತ್ತು. ಅಷ್ಟರಲ್ಲಿ ಆ ಹೆಲ್ಮೆಟ್ ಗುಡುಗಿತು: "ಭಾವ, ಛತ್ರದವರು ಮೂರೂವರೆ ಲಕ್ಷ ಅಂತಿದಾರೆ. ಕರೆಂಟು, ಪಾತ್ರೆ ಬೇರೆಯಂತೆ!"

ಭಾವ ಇದ್ದದ್ದು ಹೆಲ್ಮೆಟ್ ಒಳಗಿನ ಬ್ಲೂಟೂತ್‌ನ ಆ ತುದಿಯಲ್ಲಿ. ಜಾಸ್ತಿ ಆಯ್ತು ಸಾರ್ ಅನ್ನಲು ನಾನೇ ಬಾಯಿ ತೆರೆದೆ. ಸಿಗ್ನಲ್ ಬಿಟ್ಟಿತು.

ಬೆಂಗಳೂರಿಗೆ ಬ್ಲೂಟೂತ್ ಬರುವ ಮೊದಲೂ ಅದರ ನಾಟಿ ತಳಿ ಇತ್ತು. ಕತ್ತು ವಾಲಿಸಿ, ಭುಜ ಎತ್ತಿ, ನಡುವೆ ಫೋನ್ ಸಿಕ್ಕಿಸಿಕೊಂಡು ಅರ್ಧ ಊರು ಓಡಾಡುತ್ತಿತ್ತು. ಆಮೇಲೆ ಕೆನ್ನೆಗೂ ಹೆಲ್ಮೆಟ್‌ಗೂ ನಡುವೆ ಫೋನ್ ತುರುಕುವ ವಿದ್ಯೆ ಬಂತು. ಪಟ್ಟಿ ಬಿಗಿದರೆ ಫೋನ್ ಹಿಡಿಸಲ್ಲ. ಹಾಗಾಗಿ ಪಟ್ಟಿ ಬಿಗಿಯುವ ಹಾಗಿಲ್ಲ. ತಲೆಗೆ ಏನಾದರೂ ಆಗಲಿ, ಕಾಲ್ ಮಾತ್ರ ಕಟ್ ಆಗಬಾರದು.

ಸರ್ಕಾರವೂ ಸುಮ್ನೆ ಕೂರಲಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ತಿದ್ದಿ, ಓಡಿಸುವಾಗ ಕೈಯಲ್ಲಿ ಹಿಡಿಯುವ ಫೋನ್ ಬಳಸುವುದು ಅಪಾಯಕಾರಿ ಚಾಲನೆ ಅಂತ ಸೇರಿಸಿತು. ನಮ್ಮ ಜನ ಕಾನೂನನ್ನು ಭಕ್ತಿಯಿಂದ ಓದುತ್ತಾರೆ. ಕೈಯಲ್ಲಿ ತಾನೇ ಹಿಡಿಯಬಾರದು? ತಗೊಳ್ಳಿ, ಕಿವಿಗೆ ಕೊಟ್ಟೆವು. 2020ರ ಅಕ್ಟೋಬರ್‌ನಿಂದ ಇನ್ನೊಂದು ನಿಯಮ: ದಾರಿ ತಿಳಿಯಲು ಮಾತ್ರ ಫೋನ್ ಬಳಸಬಹುದು, ಆದರೆ ಗಮನ ಕೆಡಬಾರದು. ಗಮನ! ಕಂಬದ ಮೇಲಿನ ಕ್ಯಾಮೆರಾಗೆ ಕಿವಿಗೆ ಹಿಡಿದ ಕೈ ಕಾಣುತ್ತೆ. ತಲೆಯೊಳಗಿನ ಛತ್ರದ ಬಾಡಿಗೆ ಕಾಣುತ್ತಾ?

ನಮ್ಮ ಆಫೀಸಿನ ಹುಡುಗನೊಬ್ಬ ಎಂಟು ಸಾವಿರ ಕೊಟ್ಟು ಹೆಲ್ಮೆಟ್ ಹೆಡ್‌ಸೆಟ್ ತಂದ. ನಾಯ್ಸ್ ಕ್ಯಾನ್ಸಲಿಂಗ್ ಮೈಕು, ಕಿವಿಗೊಂದೊಂದು ಪುಟ್ಟ ಸ್ಪೀಕರು. ಅದನ್ನು ಕೂರಿಸಿದ್ದು ಫುಟ್‌ಪಾತ್‌ನಲ್ಲಿ ಕೊಂಡ ಮುನ್ನೂರೈವತ್ತರ ಹೆಲ್ಮೆಟ್ ಒಳಗೆ. ಅದರ ಐಎಸ್‌ಐ ಸ್ಟಿಕ್ಕರ್ ಉಗುರು ತಾಗಿದರೆ ಏಳುತ್ತಿತ್ತು. "ಒಳ್ಳೇ ಹೆಲ್ಮೆಟ್ ತಗೋಬಾರದಿತ್ತೇನೋ?" ಅಂದೆ. "ಹೆಡ್‌ಸೆಟ್‌ಗೆ ಒಂದು ವರ್ಷ ವಾರಂಟಿ ಇದೆ ಸಾರ್" ಅಂದ.

ಅವನ ಒಂಬತ್ತೂವರೆ ಮೀಟಿಂಗ್ ಈಗ ಮಾರತಹಳ್ಳಿ ಬ್ರಿಡ್ಜ್ ಮೇಲೆ. ಒಂದು ದಿನ ನಡುವೆ ಬಸ್ಸೊಂದರ ಹಾರ್ನ್ ಕೇಳಿ ಮ್ಯಾನೇಜರ್ ರೇಗಿದರಂತೆ: "ಯಾರಪ್ಪಾ ಅದು ಮ್ಯೂಟ್ ಮಾಡದೆ ಇರೋದು?" ಆರು ಜನ ಒಟ್ಟಿಗೆ ಸಾರಿ ಅಂದರು. ಏಳನೆಯವರು ಮ್ಯಾನೇಜರ್. ಅವರೂ ರಿಂಗ್ ರೋಡಲ್ಲೇ ಇದ್ದರು.

ದಾರಿ ಹೇಳುವ ಹೆಣ್ಣುದನಿಯದು ಬೇರೆ ಕಥೆ. ಗೊರಗುಂಟೆಪಾಳ್ಯವನ್ನು ಆಕೆ ಎಷ್ಟು ತುಂಡು ಮಾಡುತ್ತಾಳೆ ಅಂದರೆ, ಹುಟ್ಟಿದಾಗಿನಿಂದ ಅಲ್ಲೇ ಇರುವವರೂ ಇದ್ಯಾವ ದೇಶ ಅಂತ ಯೋಚಿಸಬೇಕು. ಆದರೆ ಆಕೆಯ ಅಸಲಿ ಪೇಚಾಟ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ. 2024ರ ಜುಲೈನಲ್ಲಿ ಅಲ್ಲಿ ಡಬಲ್ ಡೆಕ್ಕರ್ ಫ್ಲೈಓವರ್ ಓಡಾಟಕ್ಕೆ ತೆರೆಯಿತು. ಕೆಳಗೆ ರಸ್ತೆ, ಅದರ ತಲೆ ಮೇಲೆ ಇನ್ನೊಂದು ರಸ್ತೆ, ಅದರ ತಲೆ ಮೇಲೆ ಮೆಟ್ರೊ. ಮ್ಯಾಪಿನ ಲೆಕ್ಕದಲ್ಲಿ ಮೂರೂ ಒಂದೇ ಗೆರೆ. ನೀವು ಯಾವ ಮಹಡಿಯಲ್ಲಿದ್ದೀರಿ ಅನ್ನೋದು ಆಕೆಗೆ ಎಷ್ಟೋ ಸಲ ಗೊತ್ತಾಗಲ್ಲ. ಮೇಲಿರುವವನಿಗೆ ಎಡಕ್ಕೆ ತಿರುಗು ಅನ್ನುತ್ತಾಳೆ. ಎಡಕ್ಕೆ ಇರೋದು ತಡೆಗೋಡೆ! ಅದೂ ಹಾಡಿನ ಪಲ್ಲವಿಯನ್ನು ಅರ್ಧಕ್ಕೆ ನಿಲ್ಲಿಸಿ ಹೇಳುತ್ತಾಳೆ.

ನಾನೇನು ಕಮ್ಮಿ ಅಂತ ಹೆಲ್ಮೆಟ್‌ನಿಂದ ಹೆಲ್ಮೆಟ್‌ಗೆ ಮಾತಾಡುವ ಒಂದು ಜೋಡಿ ಬ್ಲೂಟೂತ್ ಇಂಟರ್‌ಕಾಮ್ ತಂದೆ, ನನಗೊಂದು, ಹಿಂದೆ ಕೂರುವ ಅಪ್ಪನಿಗೊಂದು. ಮೊದಲು ಅಪ್ಪ ಏನಂದರೂ "ಗಾಳಿ ಅಪ್ಪ, ಕೇಳಿಸ್ತಿಲ್ಲ" ಅಂದರೆ ಮುಗಿಯುತ್ತಿತ್ತು. ಈಗ ಒಂದಡಿ ಹಿಂದೆ ಕೂತು ನೇರ ಕಿವಿಯೊಳಗೇ ಶುರು: "ಹಂಪ್ ಇದೆ ಕಣೋ. ಹಂಪ್. ಹಂಪ್ ಅಂದ್ನಲ್ಲೋ! ಆ ಸೈಟ್ ಅವತ್ತೇ ತಗೊಂಡಿದ್ರೆ..." ಹತ್ತನೇ ಶತಮಾನದಲ್ಲಿ ಹೆರಾಲ್ಡ್ ಬ್ಲೂಟೂತ್ ಅಂತ ಡೆನ್ಮಾರ್ಕ್‌ಗೆ ಒಬ್ಬ ರಾಜನಿದ್ದ. ಒಡೆದು ಹೋದವರನ್ನು ಒಂದು ಮಾಡಿದವನು ಅಂತ ಈ ತಂತ್ರಜ್ಞಾನಕ್ಕೆ ಅವನದೇ ಹೆಸರು. ಪಾಪ, ಅವನು ನಮ್ಮಪ್ಪನ ಜೊತೆ ಗಾಡಿಯಲ್ಲಿ ಹೋಗಿರಲಿಲ್ಲ. ಇಂಟರ್‌ಕಾಮ್ ಈಗ ಶೋಕೇಸಿನಲ್ಲಿದೆ.

ಹಾಗಾಗಿ ಮೊನ್ನೆ ನನ್ನ ಕಿವಿ ಖಾಲಿ ಇತ್ತು. ಆಡುಗೋಡಿ ಸಿಗ್ನಲ್‌ನಲ್ಲಿ ಛತ್ರದ ಸ್ಕೂಟರ್ ಮತ್ತೆ ಪಕ್ಕಕ್ಕೆ ಬಂತು. ಬಾಡಿಗೆ ಮೂರಕ್ಕೆ ಇಳಿದಿತ್ತು. ಅಡುಗೆಯವರು ಎಲೆಗೆ ನಾನೂರೈವತ್ತು ಹೇಳುತ್ತಿದ್ದರು. ಭಾವ ಒಪ್ಪುತ್ತಿರಲಿಲ್ಲ. ಹೋಳಿಗೆಯೋ ಜಹಾಂಗೀರೋ ಅನ್ನುವ ಹೊತ್ತಿಗೆ ಹಿಂದಿನವರು ಹಾರ್ನ್ ಹೊಡೆದರು. ಅದು ಸ್ಕೂಟರಿನವರಿಗೂ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ.

ಚೆಕ್‌ಪೋಸ್ಟ್ ಹತ್ತಿರ ನಾನು ಎಡಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. ಮಡಿವಾಳದಲ್ಲಿ ಅವರ ಪಕ್ಕಕ್ಕೇ ಜಾಗ ಸಿಕ್ಕಿತು. "ಹಂಗಾದ್ರೆ ಅಡ್ವಾನ್ಸ್ ಕೊಟ್ಬಿಡ್ಲಾ ಭಾವ?" ಅಂದರು. ನಾನು ಹೆಲ್ಮೆಟ್ ಗ್ಲಾಸ್ ಎತ್ತಿ ಸ್ವಲ್ಪ ಬಾಗಿದೆ. ಸಿಗ್ನಲ್ ಬಿಟ್ಟಿತು. ಸಿಲ್ಕ್ ಬೋರ್ಡ್‌ವರೆಗೂ ಹಿಂದೆ ಬಿದ್ದೆ. ಒಂದು ಟ್ಯಾಂಕರ್ ಅಡ್ಡ ಬಂತು, ಅವರು ಎಲೆಕ್ಟ್ರಾನಿಕ್ ಸಿಟಿ ಕಡೆ ಹೊರಟೇ ಹೋದರು. ಛತ್ರ ಬುಕ್ ಆಯ್ತೋ ಇಲ್ವೋ, ಇವತ್ತಿಗೂ ಗೊತ್ತಿಲ್ಲ.