ಬೈಕಿನ ಹ್ಯಾಂಡಲ್ ತಗ್ಗಿಸಬೇಕೇ? ಪರ – ವಿರೋಧ

ಪರ: ಭಾರ ಮುಂದಕ್ಕೆ ಬರಲಿ

150 ಕಿಲೋ ತೂಗುವ ಬೈಕಿನ ಮೇಲೆ 70 ಕಿಲೋದ ಮನುಷ್ಯ ಕೂತರೆ ಒಟ್ಟು ಭಾರದ ಸುಮಾರು ಮೂರನೇ ಒಂದು ಪಾಲು ಅವನದ್ದೇ. ಎಂಜಿನ್, ಟ್ಯಾಂಕ್, ಬ್ಯಾಟರಿ ಎಲ್ಲ ಕೂರಿಸಿದ ಜಾಗದಲ್ಲೇ ಇರುತ್ತವೆ. ಜಾಗ ಬದಲಿಸಬಹುದಾದ ದೊಡ್ಡ ಭಾರ ಎಂದರೆ ಓಡಿಸುವವರ ಮೈ ಒಂದೇ. ಎತ್ತರದ ಹ್ಯಾಂಡಲ್ ಹಿಡಿದು ನೆಟ್ಟಗೆ ಕೂತಾಗ ಆ ಭಾರ ಹೆಚ್ಚಾಗಿ ಹಿಂದಿನ ಚಕ್ರಕ್ಕೆ ಹೋಗುತ್ತದೆ. ವೇಗದ ತಿರುವಿನಲ್ಲಿ ಮುಂದಿನ ಟೈರ್ ರಸ್ತೆಯನ್ನು ಹಿಡಿದಿದೆಯೋ, ಜಾರಲು ಹೊರಟಿದೆಯೋ ಎಂಬುದು ಅಂಗೈಗೆ ಸರಿಯಾಗಿ ತಿಳಿಯುವುದಿಲ್ಲ. ಹ್ಯಾಂಡಲನ್ನು ತುಸು ಕೆಳಗೆ, ತುಸು ಮುಂದೆ ತಂದರೆ ಸೊಂಟದಿಂದ ಮೈ ಬಾಗುತ್ತದೆ, ಎದೆ ಟ್ಯಾಂಕಿನ ಮೇಲೆ ಬರುತ್ತದೆ, ಮುಂದಿನ ಟೈರಿಗೆ ಭಾರ ಸಿಗುತ್ತದೆ. ನಾನು ಹ್ಯಾಂಡಲ್ ತಗ್ಗಿಸಿ ಎನ್ನುವುದಕ್ಕೆ ಮೊದಲ ಕಾರಣ ಇದೇ. ನೋಟ ಚೆಂದವಾಗುವುದು ಆಮೇಲಿನ ಮಾತು.

ಇನ್ನು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಎಂಟು ಪಟ್ಟು. ಬೈಕಿನಲ್ಲಿ ಗಾಳಿಗೆ ಎದುರಾಗುವ ದೊಡ್ಡ ಗೋಡೆ ನಮ್ಮ ಎದೆ. 1948ರಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ರೋಲಿ ಫ್ರೀ ಎಂಬಾತ ವಿನ್ಸೆಂಟ್ ಬೈಕಿನ ಮೇಲೆ ಕಾಲನ್ನು ಹಿಂದಕ್ಕೆ ಚಾಚಿ, ಹೊಟ್ಟೆಯ ಮೇಲೆ ಮಲಗಿ, ಈಜುಚಡ್ಡಿಯಲ್ಲೇ ಗಂಟೆಗೆ 150 ಮೈಲಿ ದಾಟಿದ. ಹಿಂದಿನ ಓಟಗಳಲ್ಲಿ ಹರಿದ ಚರ್ಮದ ಉಡುಪನ್ನು ಗಾಳಿಗೆ ಅಡ್ಡಿಯಾಗದಿರಲೆಂದೇ ಕಳಚಿಟ್ಟಿದ್ದ. ರಸ್ತೆಯಲ್ಲಿ ಯಾರೂ ಹಾಗೆ ಮಾಡಬಾರದು, ಆದರೆ ಮೈಯನ್ನು ಎಷ್ಟು ತಗ್ಗಿಸಿದರೆ ಎಷ್ಟು ಫಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಗಾಳಿಯ ಇನ್ನೊಂದು ಕೆಲಸವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹೆದ್ದಾರಿಯ ವೇಗದಲ್ಲಿ ನೆಟ್ಟಗೆ ಕೂತವರನ್ನು ಅದು ಹಿಂದಕ್ಕೆ ತಳ್ಳುತ್ತದೆ, ಅವರು ಬೀಳದಿರಲು ಹ್ಯಾಂಡಲನ್ನು ಹಿಡಿದು ಎಳೆಯುತ್ತಾರೆ. ಹಾಗೆ ಎಳೆದ ಪ್ರತಿಯೊಂದು ಎಳೆತವೂ ಸ್ಟೀರಿಂಗಿಗೆ ಹೋಗುತ್ತದೆ. ಪಕ್ಕದಿಂದ ಲಾರಿ ಹಾದಾಗ ಬೈಕ್ ಓಲಾಡಿದ್ದಕ್ಕೆ ಲಾರಿಯನ್ನು ದೂರುತ್ತೇವೆ. ಓಲಾಟದಲ್ಲಿ ಒಂದು ಪಾಲು ನಮ್ಮ ಬಿಗಿದ ತೋಳಿನದ್ದು. ಮುಂದಕ್ಕೆ ಬಾಗಿ ಕೂತರೆ ಅದೇ ಗಾಳಿ ಎದೆಯನ್ನು ಎತ್ತಿ ಹಿಡಿಯುತ್ತದೆ, ಕೈಗೆ ಬಿಡುವು ಸಿಗುತ್ತದೆ.

ತಗ್ಗಿಸುವುದು ಎಂದ ಕೂಡಲೇ ಕ್ಲಿಪ್-ಆನ್ ಎಂದುಕೊಳ್ಳಬೇಕಾಗಿಲ್ಲ. ಇರುವ ಹ್ಯಾಂಡಲನ್ನೇ ಕ್ಲ್ಯಾಂಪಿನಲ್ಲಿ ಸಡಿಲಿಸಿ ತುಸು ತಿರುಗಿಸಿದರೆ ಹಿಡಿ ಒಂದಿಷ್ಟು ಕೆಳಗಿಳಿಯುತ್ತದೆ. ಆಮೇಲೆ ಬ್ರೇಕ್, ಕ್ಲಚ್ ಲಿವರ್‌ಗಳನ್ನೂ ತಿರುಗಿಸಿ, ಮುಂಗೈಯ ಗೆರೆಯಲ್ಲೇ ಬೆರಳು ಚಾಚಿದರೆ ಸಿಗುವಂತೆ ಕೂರಿಸಬೇಕು. ಅದು ಸಾಲದಿದ್ದರೆ ಎತ್ತರ ಕಡಿಮೆಯಿರುವ ಚಪ್ಪಟೆ ಹ್ಯಾಂಡಲ್ ಹಾಕಬಹುದು. ಕಡೆಯದು ಕ್ಲಿಪ್-ಆನ್: ಎರಡು ಬಿಡಿ ತುಂಡುಗಳು ನೇರವಾಗಿ, ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಕೊಳವೆಗಳನ್ನೇ ಕಚ್ಚಿಕೊಳ್ಳುತ್ತವೆ. ಕೊಳವೆಯ ವ್ಯಾಸ 41 ಮಿಲಿಮೀಟರ್ ಇದ್ದರೆ ಕ್ಲಿಪ್-ಆನ್ ಕೂಡ 41ರದ್ದೇ ಆಗಿರಬೇಕು, ನಡುವೆ ತಗಡು ತುರುಕಿ ಬಿಗಿಯುವ ಕೆಲಸ ಬೇಡವೇ ಬೇಡ.

ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಹ್ಯಾಂಡಲ್ ಇಳಿಸಿ ಫುಟ್‌ರೆಸ್ಟನ್ನು ಮುಂದೆಯೇ ಬಿಟ್ಟರೆ ಮೈ ಮಡಚಿಕೊಳ್ಳುತ್ತದೆ, ನೋವು ಹುಟ್ಟುವುದು ಅಲ್ಲಿಂದ. ಪಾದ ಹಿಂದಕ್ಕೆ, ಮೇಲಕ್ಕೆ ಹೋಗಬೇಕು. ರಿಯರ್‌ಸೆಟ್, ಅಂದರೆ ಹಿಂದಕ್ಕೆ ಸರಿಸಿ ಕೂರಿಸುವ ಫುಟ್‌ರೆಸ್ಟ್, ಇರುವುದೇ ಅದಕ್ಕೆ. ಆಗ ಇಡೀ ಮೈ ಸೊಂಟದ ಸುತ್ತ ತಿರುಗಿ ಮುಂದೆ ಬರುತ್ತದೆ, ಬೆನ್ನು ಗೂನಾಗುವುದಿಲ್ಲ. ಮಂಡಿಗಳಿಂದ ಟ್ಯಾಂಕನ್ನು ಒತ್ತಿ ಹಿಡಿದರೆ ಮೈಭಾರ ತೊಡೆ ಮತ್ತು ಹೊಟ್ಟೆಯ ಸ್ನಾಯುಗಳ ಮೇಲೆ ನಿಲ್ಲುತ್ತದೆ, ಮಣಿಕಟ್ಟಿನ ಮೇಲಲ್ಲ. ಐವತ್ತು-ಅರವತ್ತರ ದಶಕಗಳಲ್ಲಿ ಲಂಡನ್ನಿನ ಏಸ್ ಕೆಫೆಯ ಸುತ್ತ ಸೇರುತ್ತಿದ್ದ ಹುಡುಗರು ತಮ್ಮ ದಿನಬಳಕೆಯ ಬೈಕುಗಳಿಗೇ ತಗ್ಗಿನ ಹ್ಯಾಂಡಲನ್ನೂ ಹಿಂದಕ್ಕೆ ಸರಿಸಿದ ಫುಟ್‌ರೆಸ್ಟನ್ನೂ ಹಾಕಿಕೊಂಡು ಗಂಟೆಗೆ 100 ಮೈಲಿಯ ಬೆನ್ನು ಹತ್ತಿದ್ದರು. ಕೆಫೆ ರೇಸರ್ ಎಂಬ ಬೈಕಿನ ಜಾತಿ ಹುಟ್ಟಿದ್ದು ಹಾಗೆ. ಎಂಜಿನ್ ಬಿಚ್ಚದೆ, ಕೆಲವು ಬೋಲ್ಟುಗಳಲ್ಲಿ ಬೈಕಿನ ಸ್ವಭಾವವನ್ನು ಇಷ್ಟು ಬದಲಿಸುವ, ಬೇಡವಾದರೆ ಮರುದಿನವೇ ಮೊದಲಿನಂತೆ ಮಾಡಬಹುದಾದ ಬೇರೆ ಕೆಲಸ ಇಲ್ಲ.

ವಿರೋಧ: ಇದ್ದ ಜಾಗದಲ್ಲೇ ಇರಲಿ

ಗಾಳಿ ಎದೆಯನ್ನು ಎತ್ತಿ ಹಿಡಿಯುತ್ತದೆ ಎಂಬುದು ನಿಜ, ಆದರೆ ಅದಕ್ಕೆ ಹೆದ್ದಾರಿಯ ವೇಗ ಬೇಕು. ಗಂಟೆಗೆ 30 ಕಿಲೋಮೀಟರ್‌ನಲ್ಲಿ, ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ, ಎತ್ತಿ ಹಿಡಿಯಲು ಗಾಳಿ ಎಲ್ಲಿದೆ? ಮುಂದಕ್ಕೆ ತಂದ ಭಾರವೆಲ್ಲ ಅಂಗೈಗೆ ಬೀಳುತ್ತದೆ. ಮಣಿಕಟ್ಟಿನ ಸುರಂಗದಲ್ಲಿ ಹಾಯುವ ಮೀಡಿಯನ್ ನರ ಒತ್ತಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಅಂಗೈಯ ಅಂಚಿನಲ್ಲಿ ಅಲ್ನರ್ ನರ ಒತ್ತಿದರೆ ಕಿರುಬೆರಳು, ಉಂಗುರಬೆರಳು. ಬ್ರೇಕ್ ಹಿಡಿಯುವ ಬೆರಳು ಮರಗಟ್ಟಿರುವಾಗ ಮುಂದಿನ ಟೈರಿನ ಸೂಕ್ಷ್ಮ ಕೈಗೆ ತಿಳಿಯುತ್ತದೆ ಎಂದರೆ ನಾನು ಒಪ್ಪಲಾರೆ. ಮೈ ಬಾಗಿದಷ್ಟೂ ರಸ್ತೆ ನೋಡಲು ಕತ್ತನ್ನು ಮೇಲಕ್ಕೆ ಎತ್ತಬೇಕು, ಮೇಲೆ ಹೆಲ್ಮೆಟ್ಟಿನ ಭಾರ ಬೇರೆ. ಕತ್ತು ದಣಿದವರು ದೂರ ನೋಡುವುದನ್ನು ಬಿಡುತ್ತಾರೆ, ಕಣ್ಣು ಮುಂಚಕ್ರದ ಹತ್ತಿರಕ್ಕೆ ಇಳಿಯುತ್ತದೆ. ನನ್ನ ಆತಂಕ ಹೆಚ್ಚಾಗಿ ಇದರ ಬಗ್ಗೆ.

ಅಗಲವಾದ ಹ್ಯಾಂಡಲ್ ಸನ್ನೆಕೋಲಿನಂತೆ ಕೆಲಸ ಮಾಡುತ್ತದೆ. ವೇಗದಲ್ಲಿರುವ ಬೈಕನ್ನು ಬಲಕ್ಕೆ ವಾಲಿಸಬೇಕಾದರೆ ಬಲಗೈ ಹಿಡಿಯನ್ನೇ ಮುಂದಕ್ಕೆ ತಳ್ಳಬೇಕು. ಹಿಡಿ, ಹ್ಯಾಂಡಲ್ ತಿರುಗುವ ನಡುಗಂಬದಿಂದ ಎಷ್ಟು ದೂರವೋ ಅಷ್ಟು ಕಡಿಮೆ ಬಲ ಸಾಕು. ಕ್ಲಿಪ್-ಆನ್ ಹಾಕಿದಾಗ ಹ್ಯಾಂಡಲ್ ತಗ್ಗುವುದಷ್ಟೇ ಅಲ್ಲ, ಸಾಮಾನ್ಯವಾಗಿ ಕಿರಿದೂ ಆಗುತ್ತದೆ. ಎದುರಿಗೆ ದನವೋ ಮಗುವೋ ಬಂದಾಗ ಥಟ್ಟನೆ ಬೈಕ್ ಹೊರಳಿಸಲು ಬೇಕಾದ ಬಲ ಆಗ ಹೆಚ್ಚಾಗುತ್ತದೆ. ಅಮೆರಿಕದ ಸೂಪರ್‌ಬೈಕ್ ರೇಸುಗಳಲ್ಲಿ ಎಡ್ಡಿ ಲಾಸನ್ 1981 ಮತ್ತು 1982ರಲ್ಲಿ ಚಾಂಪಿಯನ್ ಆದದ್ದು ಎತ್ತರದ, ಅಗಲ ಹ್ಯಾಂಡಲಿನ ಕವಾಸಾಕಿಯಲ್ಲಿ. ಮುಂದೆ ಅವರು 500 ಸಿಸಿಯ ನಾಲ್ಕು ವಿಶ್ವ ಪ್ರಶಸ್ತಿ ಗೆದ್ದದ್ದು ತಗ್ಗಿನ ಹ್ಯಾಂಡಲಿನಲ್ಲೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಬೈಕುಗಳ ಸೀಟು, ಟ್ಯಾಂಕು, ಫ್ರೇಮು ಎಲ್ಲವೂ ಆ ಭಂಗಿಗೆಂದೇ ಹುಟ್ಟಿದವು. ನಮ್ಮದು ಹಾಗಲ್ಲ.

ಮುಂದಿನ ಚಕ್ರಕ್ಕೆ ಭಾರ ಬೇಕೆನ್ನುವವರು ಮೊಣಕೈ ಮಡಿಸಿ ಸೊಂಟದಿಂದ ಬಾಗಿದರೆ ಸಾಕಷ್ಟು ಸಿಗುತ್ತದೆ. ತಿರುವು ಮುಗಿದ ಮೇಲೆ ಮತ್ತೆ ನೆಟ್ಟಗೆ ಕೂರಬಹುದು. ಹ್ಯಾಂಡಲ್ ತಗ್ಗಿಸಿದವರಿಗೆ ಆ ಆಯ್ಕೆಯೇ ಉಳಿಯುವುದಿಲ್ಲ. ಹಿಂದೆ ಒಬ್ಬರು ಕೂತಿದ್ದರಂತೂ ಪ್ರತಿ ಬ್ರೇಕಿಗೂ ಅವರ ಭಾರವೂ ಬಂದು ಓಡಿಸುವವರ ಮಣಿಕಟ್ಟಿನ ಮೇಲೆ ಕೂರುತ್ತದೆ.

ಮರುದಿನವೇ ಮೊದಲಿನಂತೆ ಮಾಡಬಹುದು ಎಂಬ ಮಾತೂ ಅಷ್ಟು ಹಗುರವಲ್ಲ. ಕಂಪನಿಯಿಂದ ಬಂದ ಕೇಬಲ್ಲುಗಳ ಉದ್ದ ಆ ಎತ್ತರಕ್ಕೆ ಲೆಕ್ಕ ಹಾಕಿದ್ದು. ಹ್ಯಾಂಡಲ್ ಇಳಿದರೆ ಅವು ಉದ್ದವಾಗಿ ಎಲ್ಲೋ ಚೂಪಾಗಿ ಬಾಗುತ್ತವೆ, ಆಕ್ಸಿಲರೇಟರ್ ಬಿಟ್ಟರೂ ಹಿಂದಕ್ಕೆ ಬರದೆ ಅಂಟಿಕೊಳ್ಳಬಹುದು. ಬೈಕ್ ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿ: ಸದ್ದು ಏರಿದರೆ ಕೇಬಲ್ ಎಳೆದುಕೊಳ್ಳುತ್ತಿದೆ ಎಂದರ್ಥ, ಅಂಥ ಬೈಕನ್ನು ರಸ್ತೆಗೆ ಇಳಿಸಬಾರದು. ಟ್ಯಾಂಕಿಗೂ ಹಿಡಿಗೂ ನಡುವೆ ಹೆಬ್ಬೆರಳು ಸಿಕ್ಕಿಕೊಳ್ಳುತ್ತದೆಯೇ ಎಂದೂ ಆಗಲೇ ತಿಳಿಯುತ್ತದೆ. ಬ್ರೇಕ್ ಆಯಿಲ್ ಡಬ್ಬಿ ಓರೆಯಾಗಬಾರದು. ಹೋಸ್ ಅದಕ್ಕಿಂತ ಮೇಲೆ ಕಮಾನಿನಂತೆ ಎದ್ದರೆ ಅಲ್ಲಿ ಗಾಳಿ ನಿಂತು ಲಿವರ್ ಮೆತ್ತಗಾಗುತ್ತದೆ. ಹೋಸ್ ಬದಲಿಸಹೊರಟರೆ ಎಬಿಎಸ್ ಇರುವ ಬೈಕಿನಲ್ಲಿ ಗಾಳಿ ತೆಗೆಯುವುದೇ ದೊಡ್ಡ ಕೆಲಸ.

ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಇನ್ನೊಂದು. ಫೋರ್ಕಿನ ಎರಡು ಕೊಳವೆಗಳನ್ನು ಬಿಗಿದು ಹಿಡಿಯುವ ಕ್ಲ್ಯಾಂಪುಗಳು ಮೇಲೊಂದು, ಕೆಳಗೊಂದು ಇರುತ್ತವೆ; ಮೇಲಿನದಕ್ಕಿಂತ ಎತ್ತರದಲ್ಲಿ ಕ್ಲಿಪ್-ಆನ್ ಕೂರಬೇಕಾದರೆ ಫೋರ್ಕಿನ ಕೊಳವೆ ಅಷ್ಟು ಹೊರಗೆ ಚಾಚಿರಬೇಕು. ಚಾಚಿಲ್ಲದಿದ್ದರೆ ಕೊಳವೆಯನ್ನೇ ಎರಡು-ಮೂರು ಸೆಂಟಿಮೀಟರ್ ಮೇಲಕ್ಕೆ ಸರಿಸಿ ಬಿಗಿಯುವವರಿದ್ದಾರೆ. ಐದು ಮಿಲಿಮೀಟರ್ ಸರಿಸಿದರೂ ಅನುಭವಿಗಳ ಕೈಗೆ ವ್ಯತ್ಯಾಸ ಗೊತ್ತಾಗುವ ಜಾಗ ಅದು. ಬೈಕಿನ ಮೂತಿ ಇಳಿಯುತ್ತದೆ, ಫೋರ್ಕಿನ ಓರೆ ಕಡಿಮೆಯಾಗುತ್ತದೆ, ಚಕ್ರವನ್ನು ತಾನಾಗಿಯೇ ನೇರಕ್ಕೆ ತರುವ ಟ್ರೇಲ್ ಎಂಬ ಅಂತರ ಕುಗ್ಗುತ್ತದೆ. ನಿಧಾನವಾಗಿ ಹೋಗುವಾಗ ಬೈಕ್ ಚುರುಕಾದಂತೆ ಅನ್ನಿಸಿ ಖುಷಿಯೂ ಆಗುತ್ತದೆ. ವೇಗದಲ್ಲಿ ಹೊಂಡಕ್ಕೆ ಬಿದ್ದಾಗ ಹ್ಯಾಂಡಲ್ ಅದುರತೊಡಗಿದರೆ ಅದನ್ನು ತಣಿಸಲು ಟ್ರೇಲ್ ಸಾಲದು. ಜೋರಾಗಿ ಬ್ರೇಕ್ ಹಾಕಿ ಫೋರ್ಕ್ ಪೂರ್ತಿ ಕುಸಿದಾಗ ಟೈರು ಕೆಳಗಿನ ಕ್ಲ್ಯಾಂಪಿಗೋ ರೇಡಿಯೇಟರಿಗೋ ತಾಗುತ್ತದೆಯೇ ಎಂಬುದನ್ನು ಫೋರ್ಕಿನ ಸ್ಪ್ರಿಂಗ್ ತೆಗೆದು, ಕೈಯಿಂದ ಒತ್ತಿ, ಅಳೆದೇ ತಿಳಿಯಬೇಕು. ಹ್ಯಾಂಡಲ್ ತಗ್ಗಿಸಿಕೊಂಡವರಲ್ಲಿ ಅಷ್ಟರ ಮಟ್ಟಿಗೆ ಹೋಗಿ ನೋಡುವವರು ತೀರ ಕಡಿಮೆ.