ಇರುವೆ ಚಾಕ್ ಊರಲ್ಲೇ ಇರಲಿ, ಹರಳೆಣ್ಣೆ ಬರಲಿ

ಯುಗಾದಿಗೆ ಊರಲ್ಲಿ ಧೂಳು ಹೊಡೆದು, ಡಬ್ಬ ತೊಳೆದು, ಕಾಳುಗಳನ್ನು ಬಿಸಿಲಿಗೆ ಹಾಕುವ ಹೊತ್ತಿಗೆ ಇಲ್ಲಿ ನ್ಯೂಜೆರ್ಸಿಯಲ್ಲಿ ಹಿಮ ಕರಗಿ ಮಣ್ಣು ಮೆತ್ತಗಾಗಿರುತ್ತದೆ. ಸಿಂಕಿನ ಹಿಂದೆ ಇರುವೆ ಸಾಲು ಕಾಣಿಸಿಕೊಳ್ಳುವುದೂ ಆಗಲೇ. ಎಷ್ಟೋ ಕನ್ನಡದ ಮನೆಗಳಲ್ಲಿ ಆಗ ಊರಿಂದ ಬಂದ ಇರುವೆ ಚಾಕ್ ಹೊರಗೆ ಬರುತ್ತದೆ. ಅದು ಈ ಮನೆಗಳಿಗೆ ಹೇಳಿದ್ದಲ್ಲ. ಹಾಗೆಂದು ಊರಿನ ಕ್ರಮಗಳನ್ನೆಲ್ಲ ಬಿಟ್ಟುಬಿಡಬೇಕೆಂದೂ ಅಲ್ಲ. ಅಜ್ಜಿಯರು ಉಗ್ರಾಣ ಕಾಯುತ್ತಿದ್ದ ರೀತಿ ಇಲ್ಲಿಗೂ ಸೊಗಸಾಗಿ ಒಗ್ಗುತ್ತದೆ.

ವ್ಯತ್ಯಾಸ ಇರುವುದು ಗೋಡೆಯಲ್ಲಿ. ಊರಿನದು ಇಟ್ಟಿಗೆ, ಸಿಮೆಂಟು, ಹಗಲೆಲ್ಲ ತೆರೆದ ಕಿಟಕಿ. ಇಲ್ಲಿನದು ಮರದ ಚೌಕಟ್ಟು. ಒಳಗಿನ ಹಲಗೆಗೂ ಹೊರಗಿನದಕ್ಕೂ ನಡುವೆ ಪೈಪು, ವೈರು ಓಡುವ ಟೊಳ್ಳು. ಕಣ್ಣಿಗೆ ಬೀಳುವುದು ಸಾಲಿನ ತುದಿ ಮಾತ್ರ, ಗೂಡು ಆ ಟೊಳ್ಳಿನಲ್ಲೋ ಹೊರಗಿನ ಮಣ್ಣಿನಲ್ಲೋ ಇರುತ್ತದೆ. ಚಾಕ್ ಗೆರೆ ದಾಟಿದ ಇರುವೆ ಸಾಯುತ್ತದೆ, ಉಳಿದವು ಇನ್ನೊಂದು ಸಂದಿ ಹುಡುಕಿಕೊಳ್ಳುತ್ತವೆ, ರಾಣಿ ಹಾಯಾಗಿರುತ್ತದೆ. ಸ್ಪ್ರೇ ಹೊಡೆದರೂ ಇದೇ ಕಥೆ. ಮೇಲಾಗಿ ಅಮೆರಿಕದಲ್ಲಿ ಈ ಚಾಕ್ ಮಾರುವುದು ಕಾನೂನುಬಾಹಿರ. ಮಕ್ಕಳು ಬಳಪವೆಂದು ಬಾಯಿಗಿಟ್ಟಾರೆಂಬ ಭಯವಂತೂ ಎಲ್ಲಿದ್ದರೂ ಇದ್ದದ್ದೇ.

ನುಸಿಗುಳಿಗೆಯ ವಿಷಯದಲ್ಲಿ ನಾನು ಇನ್ನೂ ಬಿಗಿ. ಗಾಳಿಯಾಡುವ ಮನೆಯಲ್ಲಿ ಅದರ ಹೊಗೆ ಚದುರಿಹೋದೀತು. ಚಳಿಗೆ ಮುಚ್ಚಿದ, ಒಳಗಿನ ಗಾಳಿಯೇ ಸುತ್ತುತ್ತಿರುವ ಮನೆಯಲ್ಲಿ ಎಲ್ಲಿಗೆ ಹೋದೀತು? ಹುಟ್ಟಿನಿಂದಲೇ ಜಿ-6-ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸಿಗೆ ಗುಳಿಗೆಯಲ್ಲಿರುವ ನ್ಯಾಫ್ತಲೀನ್‌ನಿಂದ ಕೆಂಪು ರಕ್ತಕಣಗಳೇ ಒಡೆಯುತ್ತವೆ. ಕೂಸಿನ ಬಟ್ಟೆಯ ಜೊತೆ ಅದನ್ನು ಖಂಡಿತ ಇಡಬಾರದು.

ಇರುವೆಗೆ ಬೇಕಾದ್ದು ನಿಧಾನದ ವಿಷ. ಕೇರಂ ಬೋರ್ಡಿಗೆ ಉದುರಿಸುತ್ತಿದ್ದ ಬೋರಿಕ್ ಪುಡಿ ಇದಕ್ಕೂ ಆಗುತ್ತದೆ. ಒಂದು ಕಪ್ (240 ಮಿ.ಲೀ.) ಬಿಸಿನೀರಿಗೆ 2 ಟೇಬಲ್ ಚಮಚ ಸಕ್ಕರೆ, ಅರ್ಧ ಟೀ ಚಮಚ ಬೋರಿಕ್ ಪುಡಿ ಹಾಕಿ ಪೂರ್ತಿ ಕರಗಿಸಿ. ಹತ್ತಿಯನ್ನು ಅದರಲ್ಲಿ ಅದ್ದಿ, ಬಾಟಲಿ ಮುಚ್ಚಳದಲ್ಲಿಟ್ಟು, ಸಾಲಿನ ಪಕ್ಕ ಮಗು ಮತ್ತು ನಾಯಿಗೆ ಎಟುಕದ ಕಡೆ ಇಡಿ. ಹೆಚ್ಚಿನವರು ಎಡವುವುದು ಇಲ್ಲೇ: ಬೇಗ ಸಾಯಲೆಂದು ಪುಡಿಯನ್ನು ಎರಡು ಮೂರು ಪಟ್ಟು ಸುರಿಯುತ್ತಾರೆ. ಆಗ ಇರುವೆ ಗೂಡು ತಲುಪುವ ಮೊದಲೇ ಸಾಯುತ್ತದೆ, ಇಲ್ಲವೇ ಮೂಸಿ ನೋಡಿ ಹೊರಟುಹೋಗುತ್ತದೆ. ಮೊದಲ ಎರಡು ದಿನ ಸಾಲು ದಪ್ಪವಾಗುತ್ತದೆ; ಗಾಬರಿಯಾಗಿ ಒರೆಸಬೇಡಿ, ಹತ್ತಿರದಲ್ಲಿ ಸ್ಪ್ರೇಯನ್ನೂ ಹೊಡೆಯಬೇಡಿ. ಹತ್ತಿ ಒಣಗದಂತೆ ದಿನ ಬಿಟ್ಟು ದಿನ ಹೊಸತು ಇಡುತ್ತ ಬಂದರೆ ಒಂದೆರಡು ವಾರದಲ್ಲಿ ಸಾಲು ತೆಳುವಾಗುತ್ತದೆ. ಆಮೇಲೆ ಸೋಪು ನೀರಿನಿಂದ ದಾರಿಯನ್ನು ಒರೆಸಿ.

ನಿಜವಾದ ಕೆಲಸ ಇರುವುದು ಮನೆಯ ಹೊರಗೆ. ಗೋಡೆಯ ಮರದ ಭಾಗಕ್ಕೂ ಮಣ್ಣಿಗೂ ನಡುವೆ ಕನಿಷ್ಠ 15 ಸೆಂ.ಮೀ. ಅಡಿಪಾಯ ಬರಿದಾಗಿ ಕಾಣಬೇಕು. ಗಿಡದ ಬುಡಕ್ಕೆ ಹರಡುವ ಮರದ ಚಕ್ಕೆಯನ್ನು ಗೋಡೆಗೆ ಒತ್ತರಿಸಬಾರದು. ಸೂರಿನ ನೀರು ಬುಡದಲ್ಲೇ ಇಳಿಯುತ್ತಿದ್ದರೆ ಪೈಪನ್ನು ಮುಂದಕ್ಕೆ ಚಾಚಬೇಕು. ಒದ್ದೆ ಮರವನ್ನೇ ಹುಡುಕಿಕೊಂಡು ದೊಡ್ಡ ಕರಿ ಬಡಗಿ ಇರುವೆ ಬರುತ್ತದೆ. 6 ಮಿ.ಮೀ. ಸಂದಿ ಇದ್ದರೆ ಇಲಿಮರಿ ನುಗ್ಗುತ್ತದೆ. ಬರೀ ಫೋಮ್ ತುಂಬಿದರೆ ಕಡಿದು ಹಾಕುತ್ತದೆ, ಉಕ್ಕಿನ ನಾರು ಒದ್ದೆ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ತಾಮ್ರದ ಜಾಲರಿ ತುರುಕಿ ಮೇಲೆ ಸೀಲಂಟ್ ಎಳೆಯುವುದೇ ಸರಿ. ಆದರೆ ಬಟ್ಟೆ ಒಣಗಿಸುವ ಯಂತ್ರದ ಗಾಳಿಕೊಳವೆಗೆ ಜಾಲರಿ ಹಾಕಬೇಡಿ, ನೂಲಿನ ಧೂಳು ಕಟ್ಟಿ ಬೆಂಕಿ ಹತ್ತುತ್ತದೆ. ಬಾಗಿಲ ಕೆಳಗೆ ಬೆಳಕು ಕಂಡರೆ ರಬ್ಬರ್ ಪಟ್ಟಿ ಬೇಕೇ ಬೇಕು. ನಮ್ಮ ಹಳೇ ಮನೆಗಳ ಎತ್ತರದ ಹೊಸ್ತಿಲು ಮಾಡುತ್ತಿದ್ದ ಕೆಲಸ ಇದು.

ರೆಕ್ಕೆಯ ಹುಳ ಎದ್ದರೆ ಮೊದಲು ಗುರುತು ಹಿಡಿಯಿರಿ. ಊರಲ್ಲಿ ಮೊದಲ ಮಳೆ ಬಿದ್ದ ಸಂಜೆ ಗೆದ್ದಲು ಹುತ್ತದಿಂದೆದ್ದು ದೀಪಕ್ಕೆ ಮುತ್ತುತ್ತದೆ, ಅದಕ್ಕೆ ಯಾರೂ ಹೆದರುವುದಿಲ್ಲ. ಇಲ್ಲಿನ ಗೆದ್ದಲು ವಸಂತದ ಬೆಚ್ಚಗಿನ ಹಗಲಿನಲ್ಲಿ ಏಳುತ್ತದೆ. ಅದು ಮನೆಯೊಳಗೇ ಎದ್ದರೆ ಮರ ತಿನ್ನುತ್ತಿದೆ ಎಂದೇ ಅರ್ಥ. ನಾಲ್ಕೂ ರೆಕ್ಕೆ ಒಂದೇ ಉದ್ದ, ನಡು ದಪ್ಪ, ಮೀಸೆ ನೇರ ಇದ್ದರೆ ಗೆದ್ದಲು. ನಡು ಸಣ್ಣ, ಮೀಸೆ ಮೊಣಕೈಯಂತೆ ಬಾಗಿದ್ದರೆ ಇರುವೆ. ಗೆದ್ದಲಾದರೆ ಮನೆಮದ್ದು ಬೇಡ, ಪರವಾನಗಿ ಇರುವವರನ್ನೇ ಕರೆಸಿ. ಕಂದು ನಾತದ ಹುಳ (ಸ್ಟಿಂಕ್ ಬಗ್), ಅಮೆರಿಕದಲ್ಲಿ 1998ರಲ್ಲಿ ಪಕ್ಕದ ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ನಲ್ಲಿ ಮೊದಲು ಸಿಕ್ಕಿದ್ದು, ಈ ಹೊತ್ತಿಗೆ ಕಿಟಕಿಗೆ ಅಂಟಿರುತ್ತದೆ. ಚಳಿಗಾಲವನ್ನು ಗೋಡೆಯೊಳಗೆ ಕಳೆದು ಈಗ ಹೊರಟಿರುವುದು ಅದು, ಹಿಸುಕದೆ ಸೋಪು ನೀರಿಗೆ ಬೀಳಿಸಿದರೆ ಸಾಕು. ಅದಕ್ಕೆ ಸಂದಿ ಮುಚ್ಚುವ ಕಾಲ ಆಗಸ್ಟ್.

ಇನ್ನು ಉಗ್ರಾಣ. 20 ಪೌಂಡಿನ ಅಕ್ಕಿ ಚೀಲ, ನಾಲ್ಕು ಬಗೆ ಬೇಳೆ, ರವೆ, ಒಣಮೆಣಸಿನಕಾಯಿ ಇಡುವ ಮನೆಗೆ ಹುಳ ಅಂಗಡಿಯಿಂದಲೇ ಬರುತ್ತದೆ: ಅಕ್ಕಿಯ ನುಸಿ, ಕಾಳಿನ ಕುಟ್ಟೆ, ರವೆಯಲ್ಲಿ ಬಲೆ ಕಟ್ಟುವ ಚಿಟ್ಟೆಮರಿ. ಹೆಣ್ಣು ಚಿಟ್ಟೆಯ ವಾಸನೆ ಹಚ್ಚಿದ ಅಂಟುಬಲೆಗೆ ಬೀಳುವುದು ಗಂಡು ಚಿಟ್ಟೆ ಮಾತ್ರ, ಅದರಿಂದ ಹುಳ ಇದೆಯೆಂದು ತಿಳಿಯುತ್ತದೆಯೇ ಹೊರತು ಹೋಗುವುದಿಲ್ಲ. ಒಂದು ಕಿಲೋ ತೊಗರಿಬೇಳೆಗೆ ಒಂದು ಟೀ ಚಮಚ ಹರಳೆಣ್ಣೆ ಸವರಿ ಇಡುವುದು ಇಲ್ಲೂ ಅಷ್ಟೇ ಗಟ್ಟಿ ಉಪಾಯ. ಎಣ್ಣೆಯ ಪದರದಲ್ಲಿ ಮೊಟ್ಟೆ ಬದುಕುವುದಿಲ್ಲ. ಆದರೆ ಮಾಳಿಗೆಯ ಏಪ್ರಿಲ್ ಬಿಸಿಲು ಇಲ್ಲಿಲ್ಲ, ಆ ಕೆಲಸ ಫ್ರೀಜರ್ ಮಾಡಬೇಕು. ಚೀಲವನ್ನು ಹಾಗೇ ತುರುಕಿದರೆ ನಡುವಿನ ಅಕ್ಕಿಗೆ ಚಳಿ ತಟ್ಟುವುದು ತಡ; ಒಂದೆರಡು ಕಿಲೋ ಪೊಟ್ಟಣ ಮಾಡಿ, ಬಾಯಿ ಬಿಗಿದು, ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಡಿ. ತೆಗೆದ ಮೇಲೆ ಪೂರ್ತಿ ಬೆಚ್ಚಗಾಗುವ ತನಕ ಬಾಯಿ ಬಿಚ್ಚಬೇಡಿ. ಬಿಚ್ಚಿದರೆ ಕಾಳಿನ ಮೇಲೆ ನೀರು ಕೂತು, ಹುಳ ಹೋದ ಡಬ್ಬಕ್ಕೆ ಬೂಷ್ಟು ಬರುತ್ತದೆ.