ಹಳೆಯ ನಾಟಕಕ್ಕೆ ದನಿಯೊಂದೇ ಸಾಕೇ?

ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯಂಥ ಹಳೆಯ ರಂಗನಾಟಕಗಳನ್ನು ಹವ್ಯಾಸಿಗಳು ತಂತಮ್ಮ ಮನೆಯಲ್ಲೇ ಕೂತು, ಪಾತ್ರಕ್ಕೊಬ್ಬರಂತೆ ದನಿ ಕೊಟ್ಟು ರೆಕಾರ್ಡ್ ಮಾಡಬೇಕೇ? ಒಬ್ಬರು ಹೌದು ಅನ್ನುತ್ತಾರೆ, ಇನ್ನೊಬ್ಬರು ಬೇಡ ಅನ್ನುತ್ತಾರೆ.

ಪರ: ಬಾಯಲ್ಲಿ ಹುಟ್ಟಿದ್ದು, ಕಿವಿಗೇ ಸೇರಲಿ

‘ಟೊಳ್ಳುಗಟ್ಟಿ’ ನಾಟಕಕ್ಕೆ ಇನ್ನೊಂದು ಹೆಸರಿದೆ, ‘ಮಕ್ಕಳಿಸ್ಕೂಲ್ ಮನೇಲಲ್ವೇ’ ಅಂತ. ಇದನ್ನು ಮೊದಲು ಕಣ್ಣಲ್ಲೇ ಓದಿ. ಎಲ್ಲೋ ಒಂದು ಕಡೆ ಎಡವುತ್ತೀರಿ. ಈಗ ಬಾಯಿಬಿಟ್ಟು ಹೇಳಿ. ಒಂದೇ ಉಸಿರಿಗೆ ಬಂತು, ಅಲ್ವಾ? ಟಿ.ಪಿ. ಕೈಲಾಸಂ ಅವರ ಕನ್ನಡ ನಾಟಕಗಳೆಲ್ಲ ಹೀಗೇ. ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ.

ಅದಕ್ಕೆ ಕಾರಣವೂ ಇದೆ. ಕೈಲಾಸಂ ಒಂಟಿಯಾಗಿ ಕೂತು ಬರೆದವರಲ್ಲ, ಹೇಳಿದವರು. ಸುತ್ತ ಸ್ನೇಹಿತರು, ಕೈಯಲ್ಲಿ ಸಿಗರೇಟು, ಒಂದೊಂದು ಪಾತ್ರಕ್ಕೂ ಒಂದೊಂದು ದನಿ. ಅವರು ಹೇಳುತ್ತಾ ಹೋದಹಾಗೆ ಬೇರೆಯವರು ಬರೆದುಕೊಳ್ಳುತ್ತಿದ್ದರು. ಎಷ್ಟೋ ನಾಟಕಗಳು ನಮಗೆ ಸಿಕ್ಕಿದ್ದೇ ಹಾಗೆ. ಅಂದಮೇಲೆ ನಮ್ಮ ಕಪಾಟಿನಲ್ಲಿರುವ ಪುಸ್ತಕ ಆ ದನಿಯ ನಕಲು. ಅದನ್ನು ಮತ್ತೆ ದನಿಗೆ ತರುವುದು ಹೊಸ ಸಾಹಸ ಏನಲ್ಲ. ಇದ್ದಲ್ಲಿಗೆ ವಾಪಸ್ ಕರೆದುಕೊಂಡು ಹೋಗುವ ಕೆಲಸ.

1918ರ ನಾಟಕ ಇದು. ಆಗ ಕಂಪನಿ ನಾಟಕಗಳಲ್ಲಿ ರಾಜರಾಣಿಯರು ಹಾಡಿ ಮಾತಾಡುತ್ತಿದ್ದರು. ಕೈಲಾಸಂ ನಡುಮನೆಯ ಮಾತನ್ನು, ಇಂಗ್ಲಿಷ್ ಬೆರೆತ ಮೈಸೂರು ಸೀಮೆಯ ಮಾತನ್ನು, ಹಾಗ್ಹಾಗೇ ರಂಗದ ಮೇಲೆ ತಂದರು. ಪರೀಕ್ಷೆಯಲ್ಲಿ ಮುಂದಿರುವ ಪುಟ್ಟು, ಮನೆಯವರ ಕಷ್ಟಸುಖಕ್ಕೆ ಮುಂದಿರುವ ಮಾಧು. ಕಥೆ ಇವತ್ತಿನದೇ. ಆದರೆ ಅಚ್ಚಾದ ಪುಟ ನೋಡಿದರೆ ಈಗಿನ ಮಕ್ಕಳು ಹೆದರುತ್ತಾರೆ. ನನ್ನ ಮಗಳಿಗೆ ಪುಸ್ತಕ ಕೊಟ್ಟೆ. ಎರಡು ಪುಟ ಓದಿ ಇಟ್ಟುಬಿಟ್ಟಳು. ಅವಳಿಗೆ ಕನ್ನಡವೂ ಬರುತ್ತದೆ, ಇಂಗ್ಲಿಷೂ ಬರುತ್ತದೆ. ಎರಡೂ ಒಂದೇ ಪದದೊಳಗೆ ಸಿಕ್ಕಿಕೊಂಡರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ. ಅದೇ ಎರಡು ಪುಟ ನಾನು ಗಟ್ಟಿಯಾಗಿ ಓದಿದೆ. ಅಡುಗೆಮನೆಯಲ್ಲಿದ್ದವಳು ಅಲ್ಲಿಂದಲೇ ನಕ್ಕಳು. ಓದಿಗೆ ಸಿಗದ ಕೈಲಾಸಂ ಕಿವಿಗೆ ಸಿಕ್ಕರು.

ಹಕ್ಕಿನ ಪ್ರಶ್ನೆ ಕೇಳುವವರಿದ್ದಾರೆ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಕೈಲಾಸಂ ತೀರಿಕೊಂಡಿದ್ದು 1946ರಲ್ಲಿ. 2007ರಿಂದ ಅವರು ಬದುಕಿದ್ದಾಗ ಪ್ರಕಟವಾದ ನಾಟಕಗಳು ಎಲ್ಲರ ಸ್ವತ್ತು. ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ಇನ್ನು ನಾವು ಮಾಡಿದ ರೀತಿ. ಇಂಗ್ಲಿಷಿನಲ್ಲಿ ಇದಕ್ಕೊಂದು ದಾರಿ ಆಗಲೇ ಇದೆ. ಕೆನಡಾದ ಹ್ಯೂ ಮೆಕ್‌ಗೈರ್ 2005ರಲ್ಲಿ ಶುರುಮಾಡಿದ ಲಿಬ್ರಿವಾಕ್ಸ್‌ನಲ್ಲಿ ಜನ ಹಕ್ಕು ಮುಗಿದ ಪುಸ್ತಕಗಳನ್ನು ಓದಿ ಎಲ್ಲರಿಗೂ ಬಿಟ್ಟಿಯಾಗಿ ಕೊಡುತ್ತಾರೆ. ನಾಟಕ ಆದರೆ ಪಾತ್ರಕ್ಕೊಬ್ಬರು. ಒಬ್ಬೊಬ್ಬರೂ ತಮ್ಮ ಮಾತುಗಳನ್ನಷ್ಟೇ, ಮಧ್ಯೆ ಜಾಗ ಬಿಟ್ಟು, ಓದಿ ಕಳಿಸುತ್ತಾರೆ. ರಂಗಸೂಚನೆ ಓದಲು ಬೇರೆಯವರು. ಕೊನೆಗೆ ಒಬ್ಬರು ಕೂತು ಎಲ್ಲವನ್ನೂ ಹೊಲಿಯುತ್ತಾರೆ. ನಾವೂ ಹಾಗೇ ಮಾಡಿದೆವು. ಮೈಸೂರು, ಶಿರಸಿ, ಬೆಂಗಳೂರು, ಅಮೆರಿಕದ ನ್ಯೂಜೆರ್ಸಿ, ಹೀಗೆ ಚದುರಿದ್ದ ಸ್ನೇಹಿತರು. ನನ್ನ ಪಾಲಿಗೆ ಬಂದಿದ್ದು ಅಮ್ಮನ ಪಾತ್ರ ಮತ್ತು ಹೊಲಿಗೆ ಕೆಲಸ.

ಹೊಲಿಗೆ ಅಂದರೆ ಹೊಲಿಗೆಯೇ. ಅಡಾಸಿಟಿ ಅನ್ನೋ ಬಿಟ್ಟಿ ಸಾಫ್ಟ್‌ವೇರ್‌ನಲ್ಲಿ ದನಿಯೆಲ್ಲ ಗೆರೆಗೆರೆಯಾಗಿ ಕಾಣುತ್ತದೆ. ಒಂದು ಮಾತು ಮುಗಿಯೋ ಮೊದಲೇ ಇನ್ನೊಂದನ್ನು ಕಾಲು ಸೆಕೆಂಡು ಒಳಗೆ ತಳ್ಳಿದರೆ ಜಗಳ ಆಗುತ್ತದೆ. ಅರ್ಧ ಸೆಕೆಂಡು ಆಚೆ ಎಳೆದರೆ ಮುನಿಸು ಆಗುತ್ತದೆ. ಇದನ್ನು ಕಲಿಯುವುದಕ್ಕೇ ನನಗೆ ಒಂದು ತಿಂಗಳು ಹಿಡಿಯಿತು. ರೆಕಾರ್ಡ್ ಮಾಡಲು ಬೀರು ಬಾಗಿಲು ತೆಗೆದು ಸೀರೆಗಳ ನಡುವೆ ಮೊಬೈಲ್ ಇಡುತ್ತಿದ್ದೆ. ಬಟ್ಟೆ ಇದ್ದರೆ ಗೋಡೆ ಗುಂಯ್ ಅನ್ನುವುದಿಲ್ಲ. ಬೆಳಗಿನ ನಾಲ್ಕೂವರೆಗೆ ಎದ್ದರೆ ಸರಿ. ಐದೂಕಾಲಿಗೆ ಪಕ್ಕದ ಮನೆಯ ಬೋರ್‌ವೆಲ್ ಮೋಟರ್ ಶುರು.

ನನ್ನ ತಾಯಿಗೆ ಗ್ಲಾಕೋಮಾ. ಎಂಟು ವರ್ಷದಿಂದ ಕಣ್ಣು ಕಾಣುವುದಿಲ್ಲ. ಹುಡುಗಿಯಾಗಿದ್ದಾಗ ಮೈಸೂರಿನಲ್ಲಿ ಈ ನಾಟಕ ನೋಡಿದ್ದರು. ಮೊದಲ ಅಂಕ ಹೊಲಿದು ಮುಗಿಸಿ ಅವರ ಕಿವಿಗೆ ಇಯರ್‌ಫೋನ್ ಇಟ್ಟೆ. ಸುಮ್ನೆ ಕೇಳಿದರು. ನಗಲಿಲ್ಲ. ಒಂದು ಕಡೆ ಕೈ ಎತ್ತಿ ನಿಲ್ಲಿಸು ಅಂದರು. ನಾನು, ಅಂದರೆ ನಾಟಕದ ಅಮ್ಮ, ಮಾಧುವನ್ನು ಕರೆಯುವ ಜಾಗ ಅದು.

“ಅವನು ಎಲ್ಲಿದ್ದಾನೆ?” ಅಂತ ಕೇಳಿದರು.

“ಒಳಗೆ ಎಲ್ಲೋ ಇರಬೇಕು” ಅಂದೆ.

“ಎಲ್ಲೋ ಅಂದರೆ ಆಗಲ್ಲ. ಪಕ್ಕದ ಕೋಣೆಯಲ್ಲಿದ್ದರೆ ‘ಮಾಧು’. ಹಿತ್ತಲಲ್ಲಿದ್ದರೆ ‘ಮಾಧೂ...’. ಮಲಗಿರೋ ಅಮ್ಮ ಹಿತ್ತಲವರೆಗೆ ಕರೆದರೆ ಕೊನೆಯಲ್ಲಿ ಉಸಿರು ಸಾಲಬಾರದು. ನಿನ್ನ ದನಿಯಲ್ಲಿ ಹಿತ್ತಲೇ ಇಲ್ಲ.”

ಮಾರನೇ ದಿನ ಬೀರು ಬಿಟ್ಟು ನಡುಮನೆಯಲ್ಲಿ ಚಾಪೆ ಹಾಕಿ ಮಲಗಿದೆ. ಮೊಬೈಲ್ ಎದೆಯ ಮೇಲೆ. ಅಮ್ಮ ಹಿತ್ತಲ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಹದಿಮೂರು ಸಲ ಕರೆದೆ. ಹದಿಮೂರನೇ ಸಲ ಅವರು ಅಲ್ಲಿಂದ “ಬಂದೆ” ಅಂದರು. ಆ “ಬಂದೆ”ಯನ್ನು ಕತ್ತರಿಸಿ ತೆಗೆದೆ. ಆದರೆ ಅಳಿಸಿಲ್ಲ, ನನ್ನ ಹತ್ತಿರ ಇದೆ.

ಇದು ನಾಟಕ ಅಲ್ಲ ಅಂತ ಕೆಲವು ರಂಗಭೂಮಿಯವರು ಹೇಳುತ್ತಾರೆ. ಒಬ್ಬರ ಮುಖ ಒಬ್ಬರು ನೋಡದೆ ನಾಟಕವೇ ಆಗುವುದಿಲ್ಲವಂತೆ. ಹಾಗಾದರೆ ನನ್ನ ತಾಯಿಯಂಥವರಿಗೆ ನಾಟಕ ಬೇಡ ಅಂದಹಾಗಾಯಿತು. ಮುಖ ನೋಡಲೇಬೇಕು ಅನ್ನುವವರು ನಮ್ಮ ತಾಳಮದ್ದಳೆಗೆ ಏನು ಹೇಳುತ್ತಾರೆ? ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಕೂತು ಬರೀ ಮಾತಿನಲ್ಲಿ ಕುರುಕ್ಷೇತ್ರ ಕಟ್ಟುತ್ತಾರೆ. ಕರಾವಳಿಯ ಜನ ರಾತ್ರಿಯಿಡೀ ಕೇಳುತ್ತಾರೆ.

ಹವ್ಯಾಸಿಗಳ ಕೈಯಲ್ಲಿ ಕೆಡುತ್ತದೆ ಅನ್ನುವ ಮಾತೂ ಇದೆ. ಇದನ್ನು ನಾನು ಒಪ್ಪುವುದೇ ಇಲ್ಲ. 1935ರಲ್ಲಿ ಮೈಸೂರಿನಲ್ಲಿ ರೇಡಿಯೊ ಶುರುವಾಗಿದ್ದು ಒಂದು ಮನೆಯಲ್ಲಿ. ಮನೋವಿಜ್ಞಾನ ಪಾಠ ಮಾಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 30 ವಾಟ್‌ನ ಸಣ್ಣ ಯಂತ್ರ ಇಟ್ಟುಕೊಂಡು ಪ್ರಸಾರ ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಬಂದಿದ್ದು ಆ ನಿಲಯದಿಂದಲೇ. ಕೈಲಾಸಂ ಅವರ ನಾಟಕಗಳೂ ಹವ್ಯಾಸಿಗಳದ್ದೇ ಆಸ್ತಿ. ಬೆಂಗಳೂರಿನಲ್ಲಿ 1909ರಲ್ಲೇ ಹವ್ಯಾಸಿ ನಾಟಕದವರ ಸಂಘ ಹುಟ್ಟಿತ್ತು. ಹಗಲಿಗೆ ಕಚೇರಿ, ಸಂಜೆಗೆ ನಾಟಕ. ಅಂಥವರು ಆಡಿದ ನಾಟಕಗಳನ್ನು ನಮ್ಮಂಥವರು ಆಡಬಾರದು ಅಂದರೆ ಇನ್ನು ಯಾರು ಆಡಬೇಕು?

ಮೂರನೇ ಅಂಕದ ಹೊತ್ತಿಗೆ ನನ್ನ ತಾಯಿ ಎಲ್ಲರ ಮಾತನ್ನೂ ತಿದ್ದುತ್ತಿದ್ದರು. ನ್ಯೂಜೆರ್ಸಿಯ ಹುಡುಗನ ‘ಯಾಕೋ’ ಸರಿಯಾಗಲು ಎರಡು ವಾರ ಬೇಕಾಯಿತು. ಅವನು ಅಲ್ಲಿ ರಾತ್ರಿ, ಇವರು ಇಲ್ಲಿ ಬೆಳಿಗ್ಗೆ. ಫೋನಿನಲ್ಲಿ “ಇನ್ನೊಂದ್ಸಲ ಹೇಳು” ಅಂತ ಅವರು, “ಯಾಕೋ” ಅಂತ ಅವನು. ಮುಂದಿನ ನಾಟಕ ‘ಹೋಂ ರೂಲು’ ಅಂತ ಇಬ್ಬರೂ ಆಗಲೇ ತೀರ್ಮಾನ ಮಾಡಿದ್ದಾರೆ.

ವಿರೋಧ: ಎದುರಿನವರ ಉಸಿರು ಕೇಳಬೇಕು

ವಿರೋಧ ಬರೆಯಿರಿ ಎಂದು ನನ್ನನ್ನು ಕೇಳಿದರು. ಬರೆಯುತ್ತೇನೆ. ಆದರೆ ಮೊದಲೇ ಹೇಳಿಬಿಡುವುದು ಒಳ್ಳೆಯದು, ನನ್ನ ವಿರೋಧ ಪೂರ್ತಿ ಅಲ್ಲ. ಕಣ್ಣು ಕಾಣದವರು, ದೂರದ ಊರಲ್ಲಿರುವವರು ಕೇಳಲಿ ಎಂದು ಮಾಡುವುದಾದರೆ ಯಾರು ಬೇಡ ಅನ್ನುತ್ತಾರೆ? ಇಪ್ಪತ್ತೈದು ವರ್ಷ ಶಿವಮೊಗ್ಗದ ಕಡೆ ಹವ್ಯಾಸಿ ತಂಡಗಳಲ್ಲಿ ನಾಟಕ ಆಡಿದವನು ನಾನು. ಹವ್ಯಾಸಿಗಳ ಮೇಲೆ ನನಗೆ ಸಿಟ್ಟಿಲ್ಲ.

ನನ್ನ ತಕರಾರು ಒಂದೇ. ಒಬ್ಬೊಬ್ಬರೂ ಒಂಟಿಯಾಗಿ ಮಾತಾಡಿ, ಆಮೇಲೆ ಹೊಲಿದರೆ ಅದು ನಾಟಕ ಆಗುವುದಿಲ್ಲ. ನಾಟಕದಲ್ಲಿ ನನ್ನ ಮಾತು ನನ್ನದಲ್ಲ. ಎದುರಿನವರು ಹೇಗೆ ಕೇಳಿದರೋ ಅದಕ್ಕೆ ನನ್ನ ಉತ್ತರ. ಅವರು ಇವತ್ತು ಸ್ವಲ್ಪ ಮೆತ್ತಗೆ ಕೇಳಿದರೆ ನನ್ನ ಸಿಟ್ಟೂ ಇಳಿಯುತ್ತದೆ. ಅವರು ಕೇಳುವ ಮೊದಲೇ, ಬೇರೆ ಊರಲ್ಲಿ, ಬೇರೆ ದಿನ ನಾನು ಸಿಟ್ಟು ಮಾಡಿಟ್ಟಿದ್ದರೆ ಅದು ಯಾರ ಮೇಲಿನ ಸಿಟ್ಟು? ತಾಳಮದ್ದಳೆಯ ಉದಾಹರಣೆ ಕೊಡುವವರಿದ್ದಾರೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು, ಅಂದರೆ ಪಾತ್ರಗಳ ಮಾತಾಡುವವರು, ಎದುರುಬದುರು ಕೂತಿರುತ್ತಾರೆ. ಮೊದಲೇ ಬರೆದಿಟ್ಟ ಮಾತೂ ಅಲ್ಲ ಅದು. ಕೃಷ್ಣ ಒಂದು ಹೊಸ ಪ್ರಶ್ನೆ ಎಸೆದರೆ ಕರ್ಣ ಅಲ್ಲೇ, ಆ ಕ್ಷಣದಲ್ಲೇ ಉತ್ತರ ಹುಡುಕಬೇಕು. ಜನ ಕಾಯುವುದೇ ಅದಕ್ಕೆ.

ರಂಗಸೂಚನೆ ಇನ್ನೊಂದು ಕಷ್ಟ. ಕೈಲಾಸಂ ಅವರ ನಾಟಕದಲ್ಲಿ ಯಾರು ಎಲ್ಲಿ ಕೂತರು, ಏನು ಎತ್ತಿಕೊಂಡರು ಎಂಬುದರಲ್ಲೇ ಅರ್ಧ ಕಥೆ ಇರುತ್ತದೆ. ಅದನ್ನು ಒಬ್ಬರು ಒಂದೇ ದನಿಯಲ್ಲಿ ಓದುತ್ತಾ ಹೋದರೆ ನಗು ಬರುವ ಕಡೆ ನಗು ಬರುವುದಿಲ್ಲ.

ಉಚ್ಚಾರಣೆಯ ವಿಷಯವನ್ನೂ ಹೇಳಬೇಕು. ಈಗಿನ ಹುಡುಗರ ಬಾಯಲ್ಲಿ ಟಿವಿ ಕನ್ನಡವೇ ಜಾಸ್ತಿ. ಅದೇ ರಾಗದಲ್ಲಿ ‘ಟೊಳ್ಳುಗಟ್ಟಿ’ ರೆಕಾರ್ಡ್ ಆದರೆ ಮುಂದಿನವರು ಕೈಲಾಸಂ ಅಂದರೆ ಇದೇ ಅಂದುಕೊಳ್ಳುತ್ತಾರೆ. ರಂಗದ ಮೇಲೆ ತಪ್ಪಾಡಿದರೆ ನಾಳೆ ಸರಿಮಾಡಬಹುದು. ರೆಕಾರ್ಡ್ ಆದದ್ದು ಹಾಗೇ ಉಳಿಯುತ್ತದೆ. ಹೋದ ವರ್ಷ ಒಂದು ಕಾಲೇಜಿನಲ್ಲಿ ನಾಟಕ ಮಾಡಿಸೋಣ ಎಂದು ಹೋಗಿದ್ದೆ. ಹಾಲ್ ಬಾಡಿಗೆ, ದೀಪ, ಅಭ್ಯಾಸಕ್ಕೆ ಒಂದೂವರೆ ತಿಂಗಳು ಎಂದೆ. ಅಲ್ಲಿನವರು, “ಆಡಿಯೊ ಇದೆಯಂತಲ್ಲ ಸಾರ್, ಮಕ್ಕಳಿಗೆ ಅದನ್ನೇ ಕೇಳಿಸಿಬಿಡುತ್ತೇವೆ” ಅಂದರು. ಬೇಜಾರಾಯಿತು. ಹನ್ನೆರಡು ಮಕ್ಕಳು ಆಗಲೇ ಹೆಸರು ಕೊಟ್ಟಿದ್ದರು.

ಒಂದು ಸಂಗತಿ ಹೇಳುತ್ತೇನೆ. ತುಂಬ ವರ್ಷದ ಹಿಂದೆ ಒಂದು ತಾಲ್ಲೂಕಿನಲ್ಲಿ ಕೈಲಾಸಂ ಪ್ರಹಸನ ಆಡುತ್ತಿದ್ದೆವು. ಶಾಲೆಯ ಅಂಗಳ, ಸುಮಾರು ಇನ್ನೂರು ಜನ. ಎರಡನೇ ದೃಶ್ಯದ ನಡುವೆ ಕರೆಂಟ್ ಹೋಯಿತು. ಮಳೆಗಾಲ. ಜನರೇಟರ್ ಇರಲಿಲ್ಲ. ಸೈಡ್‌ವಿಂಗಿನಲ್ಲಿ ನಿಂತಿದ್ದ ನಾನು ಪರದೆ ಎಳೆಯೋಣ ಅಂತಿದ್ದೆ. ರಂಗದ ಮೇಲೆ ಮೂವರಿದ್ದರು. ಅವರಲ್ಲಿ ಹಿರಿಯರೊಬ್ಬರು ಮಾತು ನಿಲ್ಲಿಸಲೇ ಇಲ್ಲ. ಉಳಿದವರೂ ಮುಂದುವರಿಸಿದರು. ಕಗ್ಗತ್ತಲು. ಜನ ಎದ್ದು ಹೋಗುತ್ತಾರೆ ಅಂದುಕೊಂಡೆ. ಒಬ್ಬರೂ ಏಳಲಿಲ್ಲ. ಮೊದಲು ಒಂದು ನಗು ಬಂತು, ಎಡಗಡೆಯಿಂದ. ಆ ನಗು ಮುಗಿಯುವವರೆಗೆ ನಟರು ಕತ್ತಲಲ್ಲೇ ಕಾದರು. ಆಮೇಲೆ ಮುಂದಿನ ಮಾತು. ಮತ್ತೆ ನಗು, ಈ ಸಲ ಇಡೀ ಅಂಗಳದಿಂದ. ಬೆಳಕಿದ್ದಾಗ ಅಷ್ಟು ನಕ್ಕಿರಲಿಲ್ಲ. ಹದಿನೈದು ನಿಮಿಷ ಹಾಗೇ ನಡೆಯಿತು. ನನ್ನ ಜೀವನದಲ್ಲಿ ನಾನು ಕೇಳಿದ ಅತ್ಯುತ್ತಮ ನಾಟಕ ಅದು. ಹೌದು, ಕೇಳಿದ ನಾಟಕ.

ಇದನ್ನು ಬರೆಯುವಾಗ ಗೊತ್ತಾಗುತ್ತಿದೆ, ಈ ಸಂಗತಿ ನನ್ನ ವಾದಕ್ಕೆ ಅಷ್ಟು ಸಹಾಯ ಮಾಡುವುದಿಲ್ಲ. ದನಿಯೊಂದೇ ಇದ್ದರೂ ಕೈಲಾಸಂ ನಿಲ್ಲುತ್ತಾರೆ ಎಂದು ಆ ರಾತ್ರಿ ನಾನೇ ಕಂಡೆ. ಆದರೂ ಒಂದು ಮಾತು ಬಿಡಲಾರೆ. ಆ ನಗುವಿಗಾಗಿ ಕಾದರಲ್ಲ, ಆ ಕಾಯುವಿಕೆಯನ್ನು ಆಮೇಲೆ ಕೂತು ಹೊಲಿಯಲಾಗದು. ಅದಕ್ಕೆ ನನ್ನದೊಂದು ಬೇಡಿಕೆ. ರೆಕಾರ್ಡ್ ಮಾಡಿ. ಆದರೆ ವರ್ಷಕ್ಕೆ ಒಂದು ಸಲವಾದರೂ ಎಲ್ಲರೂ ಒಂದೇ ಕೋಣೆಗೆ ಬನ್ನಿ. ಸ್ಟುಡಿಯೊ ಬೇಡ, ಯಾರದೋ ಮನೆಯ ನಡುಮನೆ ಸಾಕು. ಮಧ್ಯೆ ಒಂದು ಮೊಬೈಲ್ ಇಡಿ, ಎದುರಿಗೆ ಹತ್ತು ಜನ ಕೇಳುವವರನ್ನು ಕೂರಿಸಿ. ಕುಕ್ಕರ್ ಕೂಗಿದರೆ ಕೂಗಲಿ.

ಆ ರಾತ್ರಿ ಕರೆಂಟ್ ಬಂದಾಗ ನೋಡಿದೆ. ದೃಶ್ಯದ ಪ್ರಕಾರ ಮೂವರೂ ಮೂರು ಮೂಲೆಯಲ್ಲಿರಬೇಕಿತ್ತು. ಕತ್ತಲಲ್ಲಿ ತಡಕಾಡಿಕೊಂಡು ರಂಗದ ಮಧ್ಯಕ್ಕೆ ಬಂದು, ಒಬ್ಬರ ತೋಳು ಒಬ್ಬರು ಹಿಡಿದು ನಿಂತಿದ್ದರು.